ಉಣ್ಣೆಯೂ ಉಷ್ಣವೂ

ಹಿಂಗಾರಿನ ಬಿಳಿಜೋಳ ಕೊಯ್ಲಾಗಿ ಕಣ ಸೇರಿದ ಮೇಲೆ ಹುನಗುಂದ, ಬಾದಾಮಿ ಕಡೆಯ ಎರೆಹೊಲಗಳು ಬರಿದಾಗುತ್ತವೆ. ಬೇವು ಚಿಗುರುವ ಈ ದಿನಗಳಲ್ಲಿ ಆ ಹೊಲಗಳಿಗೆ ಕುರಿಯ ಹಿಂಡುಗಳು ಬಂದಿಳಿಯುತ್ತವೆ. ಹಗಲೆಲ್ಲ ಕೂಳೆಯ ನಡುವೆ ಮೇಯ್ದ ಕುರಿಗಳನ್ನು ರಾತ್ರಿ ಅಲ್ಲಿಯೇ ತರುಬುತ್ತಾರೆ. ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಅದಕ್ಕೆ ಪ್ರತಿಯಾಗಿ ಹೊಲದ ಒಡೆಯನು ಕುರಿಗಾಹಿಗೆ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಮರಿಗಳನ್ನು ಬಲೆ ಕಟ್ಟಿದ ದೊಡ್ಡಿಯಲ್ಲಿಟ್ಟು ತೋಳ, ನಾಯಿಗಳಿಂದ ಕಾಯಬೇಕು. ನೀರಿನ ನೆಲೆಯನ್ನು ಹುಡುಕಬೇಕು. ಮರಿಹಾಕಿದ ಕುರಿಗೆ ಸೊಪ್ಪು ತರಬೇಕು. ಇಷ್ಟೆಲ್ಲದರ ನಡುವೆ ಮುಗಿಸಬೇಕಾದ ದೊಡ್ಡ ಕೆಲಸವೆಂದರೆ ಉಣ್ಣೆ ಕತ್ತರಿಸುವುದು.

ಕುರಿಗಳನ್ನು ಮೊದಲು ಹಳ್ಳದಲ್ಲಿಯೋ ಹೊಳೆಯಲ್ಲಿಯೋ ಮೀಸಿ ಬಿಸಿಲಿನಲ್ಲಿ ಆರಲು ಬಿಡುತ್ತಾರೆ. ಮಣ್ಣು ಮೆತ್ತಿದ ತುಪ್ಪಟವು ಕತ್ತರಿಯ ಬಾಯನ್ನು ಕೆಡಿಸುತ್ತದೆ. ಅನಂತರ ಕಾಲು ಕಟ್ಟಿ ಕೆಡವಿ, ಚರ್ಮಕ್ಕೆ ತಾಗದಂತೆ ಕತ್ತರಿಸುತ್ತ ಹೋಗುತ್ತಾರೆ. ಕರಿಯ ದಖ್ಖನಿ ಕುರಿಯಿಂದ ವರ್ಷಕ್ಕೆ ಎರಡು ಬಾರಿ ಹೀಗೆ ಉಣ್ಣೆ ತೆಗೆದರೂ ಒಟ್ಟು ದೊರೆಯುವುದು ಒಂದು ಕಿಲೋಗ್ರಾಮಿಗಿಂತ ಕಡಿಮೆಯೇ.

ಬೇಸಗೆ ಬರುತ್ತಿರುವಾಗ ಕುರಿಯ ಮೈಮೇಲಿನ ಹೊದಿಕೆಯನ್ನು ತೆಗೆಯುವುದು ಸಹಜವಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಈ ಮಾತಿನಲ್ಲಿ ಅರ್ಧದಷ್ಟು ಮಾತ್ರ ಸತ್ಯವಿದೆ. ಉಣ್ಣೆಯು ತಾನಾಗಿ ಬಿಸಿಯನ್ನು ಹುಟ್ಟಿಸುವ ಒಲೆಯಲ್ಲ. ಸುರುಳಿ ಸುರುಳಿಯಾದ ಎಳೆಗಳ ನಡುವೆ ಗಾಳಿಯು ಚಲಿಸಲಾರದೆ ಸೆರೆಯಾಗುತ್ತದೆ. ನಿಶ್ಚಲವಾದ ಗಾಳಿಯು ಅತ್ಯಂತ ಮಂದವಾದ ಉಷ್ಣವಾಹಕ. ಇಂತಹ ಗೋಡೆ ಒಳಗಿನ ಬಿಸಿಯನ್ನು ಹೊರಗೆ ಬಿಡದಂತೆ ಹೊರಗಿನ ಬಿಸಿಯನ್ನೂ ಒಳಗೆ ಬಿಡದು.

1950ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ಬಿಸಿಲಿನಲ್ಲಿ ನಿಂತ ಮೆರಿನೊ ಕುರಿಗಳ ಮೇಲೆ ನಡೆಸಿದ ಅಳತೆಗಳು ಇದನ್ನು ಚೆನ್ನಾಗಿ ತೋರಿಸಿದವು. ಉಣ್ಣೆಯ ತುದಿಯ ತಾಪ 85° ಸೆ. ದಾಟಿದಾಗಲೂ ಚರ್ಮದ ತಾಪ ಸುಮಾರು 42° ಸೆ. ಇತ್ತು! ಇದನ್ನು ಲೆಕ್ಕ ಹಾಕಿ ನೋಡೋಣ. ಉಣ್ಣೆಯ ದಪ್ಪ 4 ಸೆಂ.ಮೀ., ಅದರ ಉಷ್ಣವಾಹಕತೆ ಸುಮಾರು 0.04 (ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ ವಾಟ್) ಎಂದು ಹಿಡಿದರೆ, ಚರ್ಮವನ್ನು ತಲುಪುವ ಉಷ್ಣವು ಚದರ ಮೀಟರಿಗೆ 43 ವಾಟ್ ಮಾತ್ರ. ನಡುಹಗಲ ಸೂರ್ಯನು ಚದರ ಮೀಟರಿಗೆ ಸುಮಾರು 1000 ವಾಟ್ ಸುರಿಯುತ್ತಿರುತ್ತಾನೆ. ಉಳಿದುದೆಲ್ಲವೂ ಕಾದ ತುದಿಯಿಂದಲೇ ಗಾಳಿಗೂ ಆಕಾಶಕ್ಕೂ ಮರಳಿ ಹೋಗುತ್ತದೆ. ದಖ್ಖನಿ ಕುರಿಯ ತುಪ್ಪಟ ಮೆರಿನೊವಿನಷ್ಟು ದಟ್ಟವಲ್ಲವಾದ್ದರಿಂದ ಈ ಅಂಕಿಗಳು ಅದಕ್ಕೆ ಹಾಗೆಯೇ ಅನ್ವಯಿಸುವುದಿಲ್ಲ. ತತ್ತ್ವ ಮಾತ್ರ ಒಂದೇ.

ಹಾಗಾದರೆ ನೆರಳಿನಲ್ಲಿಯೂ ರಾತ್ರಿಯಲ್ಲಿಯೂ ಕುರಿಗೆ ಉಣ್ಣೆ ಹೊರೆ. ಬಿರುಬಿಸಿಲಿನಲ್ಲಿ ಅದೇ ಕೊಡೆ. ಏಪ್ರಿಲ್ ಕೊನೆಗೆ ಬಾಗಲಕೋಟೆಯಲ್ಲಿ ತಾಪ 40° ಸೆ. ಮುಟ್ಟುವಾಗ ಬೋಳುಮೈಯ ಕುರಿಯನ್ನು ಬಯಲಿಗೆ ಅಟ್ಟಿದರೆ ಅದಕ್ಕೆ ಹಿಂಸೆಯೇ. ಯುಗಾದಿಗೆ ಮೊದಲೇ ಕತ್ತರಿಸಿದರೆ ಅಷ್ಟರಲ್ಲಿ ಒಂದು ಸೆಂಟಿಮೀಟರಿನಷ್ಟಾದರೂ ಹೊಸ ಎಳೆ ಬಂದಿರುತ್ತದೆ. ಆದುದರಿಂದ ಈ ಕೆಲಸ ಎರಡು ವಾರ ಹಿಂದಾದರೂ ಮುಂದಾದರೂ ಸರಿಯೇ ಎನ್ನುವಂತಿಲ್ಲ.

ಇನ್ನು ಕತ್ತರಿಸಿದ ಉಣ್ಣೆಯ ಮಾತು. ಬಿಲ್ಲಿನ ಹೆದೆಯಿಂದ ಮಿಡಿದು ಬಿಡಿಸಿ, ರಾಟಿಯಲ್ಲಿ ನೂತು, ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಾಕಿ, ಕುಣಿಮಗ್ಗದಲ್ಲಿ ಕಂಬಳಿ ನೇಯುತ್ತಾರೆ. ಇಳಕಲ್ಲಿನ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಹೆಸರುವಾಸಿಯಾದ ಈ ಜಿಲ್ಲೆಯಲ್ಲಿ ಕಂಬಳಿಯನ್ನು ಹೊಗಳಿದವರು ಕಡಿಮೆ. ಭೌತವಿಜ್ಞಾನಿಯ ಕಣ್ಣಿಗೆ ಅದು ಸೀರೆಗಿಂತ ಸೋಜಿಗದ ವಸ್ತು.

ಉಣ್ಣೆಯು ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಎಳೆಯ ಹೊರಮೈ ಜಿಡ್ಡಿನದಾದ್ದರಿಂದ ಮಳೆಯ ಹನಿ ಅದರ ಮೇಲೆ ಉರುಳಿಹೋಗುತ್ತದೆ. ಆದರೆ ಒಳಭಾಗವು ನೀರಾವಿಯನ್ನು ಆಸೆಯಿಂದ ಹೀರುತ್ತದೆ. ತನ್ನ ತೂಕದ 30 ಪಾಲಿನಷ್ಟು ನೂರಕ್ಕೆ ಹೀರಿಕೊಂಡರೂ ಕೈಗೆ ಒದ್ದೆಯೆನ್ನಿಸುವುದಿಲ್ಲ. ಆವಿಯು ಹೀಗೆ ಎಳೆಯೊಳಗೆ ನೆಲೆಗೊಳ್ಳುವಾಗ ತನ್ನ ಗುಪ್ತೋಷ್ಣವನ್ನು ಬಿಟ್ಟುಕೊಡಲೇಬೇಕು. ಒಣಹವೆಯಲ್ಲಿದ್ದ 2 ಕಿಲೋಗ್ರಾಮಿನ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು ಕುರಿಗಾಹಿಯು ಜಡಿಮಳೆಯ ರಾತ್ರಿಗೆ ಹೊರಟನೆನ್ನಿ. ಅದು ಹೀರುವ ಆವಿ ಸುಮಾರು 300 ಗ್ರಾಂ. ಹೊರಬೀಳುವ ಉಷ್ಣ ಸುಮಾರು 735 ಕಿಲೋಜೂಲ್. ಸುಮ್ಮನೆ ಕುಳಿತ ಮನುಷ್ಯನ ದೇಹ ಸುಮಾರು 100 ವಾಟ್ ದರದಲ್ಲಿ, ಎಂದರೆ ಗಂಟೆಗೆ 360 ಕಿಲೋಜೂಲ್, ಉಷ್ಣ ಹೊರಸೂಸುತ್ತದೆ. ಎರಡು ಗಂಟೆಗಳ ಮೈಶಾಖವನ್ನು ಕಂಬಳಿಯು ತಾನೇ ಒದಗಿಸಿದಂತಾಯಿತು! ಉಣ್ಣೆ ಒಲೆಯಲ್ಲವೆಂದು ಮೇಲೆ ಹೇಳಿದ ಮಾತಿಗೆ ಇದೊಂದು ಅಪವಾದ. ಆದರೆ ಈ ಬಿಸಿ ಸಾಲವೇ ಸರಿ; ಕಂಬಳಿ ಮತ್ತೆ ಒಣಗುವಾಗ ಬಿಸಿಲು ಅದನ್ನು ತೀರಿಸಬೇಕು.

ಪರೀಕ್ಷೆ ಸುಲಭ. ಉಷ್ಣಮಾಪಕದ ಬುಡಕ್ಕೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಉಣ್ಣೆ ಸುತ್ತಿ, ಕೋಣೆಯ ತಾಪಕ್ಕೆ ಇಳಿದ ಮೇಲೆ, ಒದ್ದೆಬಟ್ಟೆಯಿಟ್ಟ ಮುಚ್ಚಿದ ಡಬ್ಬಿಯೊಳಗೆ ನೀರು ತಾಗದಂತೆ ತೂಗಬಿಡಿ. ಪಾದರಸ ಕೆಲವು ಡಿಗ್ರಿ ಏರುವುದನ್ನು ಕಾಣುವಿರಿ.

ಇಷ್ಟು ಗುಣವುಳ್ಳ ಉಣ್ಣೆಗೆ ಪೇಟೆಯಲ್ಲಿ ಬೆಲೆಯಿಲ್ಲ. ಕರಿಯ ಎಳೆಗೆ ಬೇರೆ ಬಣ್ಣ ಹತ್ತದೆಂಬುದು ಒಂದು ಕಾರಣ. ಅದು ಮೈಗೆ ಚುಚ್ಚುತ್ತದೆಂಬುದು ದೊಡ್ಡ ಕಾರಣ. ನಯವಾದ ಮೆರಿನೊ ಎಳೆಯ ವ್ಯಾಸ ಸುಮಾರು 20 ಮೈಕ್ರಾನ್. ದಖ್ಖನಿಯದು ಸುಮಾರು 50. ಚರ್ಮಕ್ಕೆ ತುದಿ ತಾಗಿದಾಗ ತೆಳ್ಳಗಿನ ಎಳೆ ಬಾಗಿಬಿಡುತ್ತದೆ, ದಪ್ಪ ಎಳೆ ಚುಚ್ಚುತ್ತದೆ. ಬಾಗಿಸಲು ಬೇಕಾದ ಬಲವು ವ್ಯಾಸದ ನಾಲ್ಕನೆಯ ಘಾತದಂತೆ ಹೆಚ್ಚುತ್ತದೆ. ಎರಡೂವರೆ ಪಟ್ಟು ದಪ್ಪವಾದರೆ ಬಲ 39 ಪಟ್ಟು! ಮುಳ್ಳುಕಂಟಿಯಲ್ಲಿ ಸಿಕ್ಕಿದರೂ ಹರಿಯದ, ನೆಲಕ್ಕೆ ಹಾಸಿದರೂ ಸವೆಯದ ಗಟ್ಟಿತನ ಬಂದುದು ಆ ದಪ್ಪದಿಂದಲೇ ಎಂಬುದನ್ನು ಪೇಟೆ ಲೆಕ್ಕಕ್ಕೆ ಹಿಡಿಯದು.

ಪರಿಣಾಮವನ್ನು ಅಮೀನಗಡದ ಕುರಿಸಂತೆಯಲ್ಲಿ ನೋಡಬಹುದು. ಅಲ್ಲಿ ಬೇಡಿಕೆಯಿರುವುದು ಮಾಂಸಕ್ಕೆ. ಕೆಂಗಂದು ಬಣ್ಣದ ಯಳಗ ಕುರಿಗೆ ಉಣ್ಣೆಯಿಲ್ಲ, ಗಿಡ್ಡ ಕೂದಲಷ್ಟೇ. ಮೀಸುವ, ಕತ್ತರಿಸುವ ತಾಪತ್ರಯವೇ ಇಲ್ಲ. ಉಣ್ಣೆ ಮಾರಿ ಬಂದ ಹಣ ಕತ್ತರಿಸಿದವನ ಕೂಲಿಗೆ ಸಾಲದಿರುವಾಗ ಕುರಿಗಾಹಿಯು ಯಳಗವನ್ನು ಆರಿಸಿಕೊಂಡರೆ ಅವನನ್ನು ದೂರುವಂತಿಲ್ಲ. ಎಷ್ಟೋ ಕಡೆ ಕತ್ತರಿಸಿದ ತುಪ್ಪಟ ಹೊಲದ ಬದುವಿನಲ್ಲಿಯೇ ಉಳಿಯುತ್ತದೆ. ತೂಕದ ಆರನೆಯ ಒಂದು ಪಾಲು ಸಾರಜನಕವಿರುವುದರಿಂದ ಕೊಳೆತರೆ ಅದು ಒಳ್ಳೆಯ ಗೊಬ್ಬರ. ಕೊಳೆಯಲು ಮಾತ್ರ ತಿಂಗಳುಗಟ್ಟಲೆ ಬೇಕು.

ಸಂತೆಯಲ್ಲಿ ಕಂಬಳಿ ಕೊಳ್ಳುವವರು ಅಂಚಿನ ಎರಡು ಎಳೆ ಕಿತ್ತು ಬೆಂಕಿಗೆ ಹಿಡಿದು ನೋಡಬೇಕು. ನಿಜವಾದ ಉಣ್ಣೆ ಕೂದಲು ಸುಟ್ಟ ನಾತ ಬೀರುತ್ತ ನಿಧಾನವಾಗಿ ಉರಿದು, ಜ್ವಾಲೆಯಿಂದ ತೆಗೆದೊಡನೆ ನಂದುತ್ತದೆ. ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಕೃತಕ ನೂಲಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಕರಗಿದ ಹನಿಯನ್ನು ಬೆರಳಿನಿಂದ ಮುಟ್ಟಬಾರದು.