ಜಿಪಿಯು ಇಲ್ಲದವರ ಡೇಟಾ ಪ್ಯಾಕ್ ಯಾರು ತಿಂದರು?

ನಾರಾಯಣಪುರ ಎಡದಂಡೆ ಕಾಲುವೆಯ ಕತೆ ಶಹಾಪುರ, ಸುರಪುರ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಮೇಲಿನವರ ಗದ್ದೆ ತುಂಬಿದ ಮೇಲೆ ಉಳಿದದ್ದು ಕೊನೆಯ ಭಾಗದ ರೈತನಿಗೆ. ಇಂಟರ್ನೆಟ್ಟಿಗೂ ಇಂಥದೊಂದು ಕೊನೆಯ ಭಾಗ ಇದೆ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಪ್ರಾಜೆಕ್ಟ್ ಮಾಡುವ ಯಾದಗಿರಿ ಜಿಲ್ಲೆಯ ವಿದ್ಯಾರ್ಥಿ ಅಲ್ಲಿ ನಿಂತಿದ್ದಾರೆ.

ಈಗ ಪ್ರಾಜೆಕ್ಟ್ ಅಂದ್ರೆ ಕಂಟೇನರ್. ನಿಮ್ಮ ಪ್ರೋಗ್ರಾಂ, ಅದು ಓಡಲು ಬೇಕಾದ ಪೈಥಾನ್, ಲೈಬ್ರರಿಗಳು ಎಲ್ಲವನ್ನೂ ಕಟ್ಟಿಟ್ಟ ಗಂಟೇ ಕಂಟೇನರ್ ಇಮೇಜ್. 2013ರಲ್ಲಿ ಡಾಕರ್ ಬಂದ ಮೇಲೆ ಇದು ಜನಪ್ರಿಯವಾಯಿತು. ಗಂಟು ಕಟ್ಟುವಾಗ ಲೈಬ್ರರಿಗಳನ್ನು ಒಳಗೆ ಇನ್‌ಸ್ಟಾಲ್ ಮಾಡ್ತೀವಲ್ಲ, ಡೇಟಾ ಹೋಗೋದು ಅಲ್ಲೇ.

ಮಷಿನ್ ಲರ್ನಿಂಗ್ ಪ್ರಾಜೆಕ್ಟ್‌ಗಳಲ್ಲಿ ಮಾಮೂಲಿಯಾಗಿ ಬಳಸುವ ಪೈಟಾರ್ಚ್ ತಗೊಳ್ಳಿ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ನೇರವಾಗಿ 'ಪಿಪ್ ಇನ್‌ಸ್ಟಾಲ್ ಟಾರ್ಚ್' ಅಂದರೆ ಸಿಪಿಯುಗೆ ಸಾಕಾಗುವ ಆವೃತ್ತಿ ಬರುತ್ತದೆ. ಅದೇ ಲ್ಯಾಪ್‌ಟಾಪ್‌ನಲ್ಲಿ ಕಂಟೇನರ್ ಒಳಗೆ ಅದೇ ಆಜ್ಞೆ ಕೊಡಿ: ಒಳಗಿರೋದು ಲಿನಕ್ಸ್, ಹಾಗಾಗಿ ಎನ್‌ವಿಡಿಯಾ ಜಿಪಿಯು ಲೈಬ್ರರಿಗಳೂ ಸೇರಿ 2 ಜಿಬಿಗೂ ಹೆಚ್ಚು ಇಳಿಯುತ್ತದೆ. ನಿಮ್ಮ ಹತ್ತಿರ ಜಿಪಿಯು ಇದೆಯಾ ಅಂತ ಯಾರೂ ಕೇಳಲ್ಲ. ಎರಡು ದಿನದ ಪ್ಯಾಕ್ ಬಹುತೇಕ ಖಾಲಿ. ಪೈಟಾರ್ಚ್‌ನವರೇ ಸಿಪಿಯು ಆವೃತ್ತಿಗೆ ಬೇರೆ ಇಂಡೆಕ್ಸ್ ವಿಳಾಸ ಇಟ್ಟಿದ್ದಾರೆ. ಅದನ್ನು ಆಜ್ಞೆಗೆ ಸೇರಿಸಿದರೆ ಕೆಲಸ ಸುಮಾರು 200 ಎಂಬಿಯಲ್ಲಿ ಮುಗಿಯುತ್ತದೆ. ಡಿಫಾಲ್ಟ್ ಅನ್ನೋದು ತಟಸ್ಥ ಅಲ್ಲ. ಯಾರನ್ನು ಮಾದರಿ ಬಳಕೆದಾರ ಅಂದುಕೊಂಡಿದ್ದಾರೋ ಅವರ ಪರವಾಗಿರುತ್ತದೆ.

ಎರಡನೇ ಸೋರಿಕೆ ನಾವೇ ಮಾಡಿಕೊಳ್ಳೋದು. ಇಮೇಜ್ ಅನ್ನೋದು ಕಲ್ಲಿನ ಗೋಡೆ ಥರ, ಪದರದ ಮೇಲೆ ಪದರ. ಕೆಳಗಿನ ಪದರ ಬದಲಾದರೆ ಅದರ ಮೇಲಿನದೆಲ್ಲ ಹೊಸದಾಗಿ ಕಟ್ಟಬೇಕು. ಅನೇಕರು ಡಾಕರ್‌ಫೈಲ್‌ನಲ್ಲಿ ಮೊದಲು ಇಡೀ ಕೋಡ್ ಕಾಪಿ ಮಾಡಿ, ಆಮೇಲೆ ಲೈಬ್ರರಿ ಇನ್‌ಸ್ಟಾಲ್ ಮಾಡ್ತಾರೆ. ಆಗ ಕೋಡ್‌ನಲ್ಲಿ ಒಂದು ಅಲ್ಪವಿರಾಮ ತಿದ್ದಿದರೂ ಎಲ್ಲ ಲೈಬ್ರರಿ ಮತ್ತೆ ಡೌನ್‌ಲೋಡ್! ಮೊದಲು ರಿಕ್ವೈರ್‌ಮೆಂಟ್ಸ್ ಫೈಲ್ ಒಂದನ್ನೇ ಕಾಪಿ ಮಾಡಿ, ಇನ್‌ಸ್ಟಾಲ್ ಮಾಡಿ, ಕೊನೆಗೆ ಕೋಡ್ ತನ್ನಿ. ಇಷ್ಟೇ ಬದಲಾವಣೆ. ಬಿಲ್ಡ್‌ಕಿಟ್‌ನ ಕ್ಯಾಶ್ ಮೌಂಟ್ ಬಳಸಿದರೆ, ಪಟ್ಟಿಗೆ ಹೊಸ ಲೈಬ್ರರಿ ಸೇರಿಸಿದಾಗಲೂ ಹಳೆಯವು ಡಿಸ್ಕ್‌ನಿಂದಲೇ ಬರುತ್ತವೆ.

ಮೂಲ ಇಮೇಜ್ ಆರಿಸುವಾಗಲೂ ಸ್ವಲ್ಪ ನೋಡಿ. ಪೈಥಾನ್‌ನ ಪೂರ್ಣ ಇಮೇಜ್ ಡಿಸ್ಕ್‌ನಲ್ಲಿ ಸುಮಾರು 1 ಜಿಬಿ, 'ಸ್ಲಿಮ್' ಅದರ ಆರನೇ ಒಂದರಷ್ಟೂ ಇಲ್ಲ. ಇನ್ನೂ ಚಿಕ್ಕದು ಅಂತ ಆಲ್ಪೈನ್‌ಗೆ ಹೋದರೆ ಅದರ ಸಿ ಲೈಬ್ರರಿಯೇ ಬೇರೆ. ಕೆಲವು ಪ್ಯಾಕೇಜ್‌ಗಳಿಗೆ ಸಿದ್ಧ ಆವೃತ್ತಿ ಸಿಗದೆ ಕಂಪೈಲ್ ಮಾಡುತ್ತಾ ಕೂರಬೇಕು. ಹಾಗೇ, ಒಂದು ಪದರದಲ್ಲಿ ಹಾಕಿದ್ದನ್ನು ಮುಂದಿನ ಪದರದಲ್ಲಿ ಅಳಿಸಿದರೆ ಇಮೇಜ್ ಸಣ್ಣದಾಗಲ್ಲ, ಕಣ್ಣಿಗೆ ಕಾಣಲ್ಲ ಅಷ್ಟೇ. ಹಾಕೋದು, ಅಳಿಸೋದು ಒಂದೇ ಆಜ್ಞೆಯಲ್ಲಿ ಆಗಬೇಕು.

ಆವೃತ್ತಿ ಸಂಖ್ಯೆಯನ್ನೂ ಬರೆದಿಡಿ. 2024ರ ಜೂನ್‌ನಲ್ಲಿ ನಂಪೈ 2.0 ಬಂದಾಗ, 1.x ಗೆ ಕಂಪೈಲ್ ಆಗಿದ್ದ ಎಷ್ಟೋ ಪ್ಯಾಕೇಜ್‌ಗಳು ಕೈಕೊಟ್ಟವು. ಸಂಖ್ಯೆ ಬರೆಯದಿದ್ದವರ ಹಳೆ ಪ್ರಾಜೆಕ್ಟ್ ಮರು ಬಿಲ್ಡ್ ಆದಾಗ ಮುರಿಯಿತು.

ಇಷ್ಟು ವಿದ್ಯಾರ್ಥಿಯ ಕೈಯಲ್ಲಿದೆ. ಲ್ಯಾಬ್‌ನ ಮಾತು ಬೇರೆ. ಡಾಕರ್ ಹಬ್ 2020ರ ನವೆಂಬರ್‌ನಲ್ಲಿ ಲಾಗಿನ್ ಇಲ್ಲದವರಿಗೆ ಒಂದು ಐಪಿ ವಿಳಾಸಕ್ಕೆ 6 ಗಂಟೆಗೆ 100 ಡೌನ್‌ಲೋಡ್ ಅಂತ ಮಿತಿ ಹಾಕಿತು. ಒಂದೇ ಕನೆಕ್ಷನ್ ಹಂಚಿಕೊಂಡ ಲ್ಯಾಬ್‌ಗೆ, ಒಬ್ಬೊಬ್ಬರೂ ನಾಲ್ಕೈದು ಸಲ ಎಳೆದರೆ, ಅದು ಬೇಗ ಮುಗಿಯುತ್ತದೆ. ಚೀನಾದ ತ್ಸಿಂಗ್ಹುವಾ ವಿಶ್ವವಿದ್ಯಾಲಯ ಪೈಥಾನ್ ಪ್ಯಾಕೇಜ್‌ಗಳ ಮಿರರ್ ಅನ್ನೇ ಸಾರ್ವಜನಿಕರಿಗೆ ನಡೆಸುತ್ತದೆ. ನಮಗೆ ಅಷ್ಟು ದೊಡ್ಡದು ಬೇಡ. ಕಾಲೇಜಿನ ಒಂದು ಹಳೆ ಕಂಪ್ಯೂಟರ್, ದೊಡ್ಡ ಡಿಸ್ಕ್, ಪೈಥಾನ್‌ಗೆ ಡೆವ್‌ಪಿ, ಇಮೇಜ್‌ಗಳಿಗೆ ಡಾಕರ್ ರಿಜಿಸ್ಟ್ರಿಯ ಕ್ಯಾಶ್ ಸಾಕು. ಎರಡೂ ಉಚಿತ ತಂತ್ರಾಂಶ. ಮೊದಲ ವಿದ್ಯಾರ್ಥಿ ಇಳಿಸಿಕೊಂಡದ್ದು ಉಳಿದವರಿಗೆ ಲ್ಯಾಬ್‌ನ ಒಳಗಿಂದಲೇ ಸಿಗುತ್ತದೆ.

371(ಜೆ) ಹೆಸರಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಅನುದಾನ ಬರುತ್ತದೆ, ಕಟ್ಟಡ, ರಸ್ತೆಗಳಿಗೆ ಹೋಗುತ್ತದೆ. ಯಾದಗಿರಿ, ಶಹಾಪುರ, ಸುರಪುರದ ಕಾಲೇಜು ಲ್ಯಾಬ್‌ಗಳಿಗೆ ಒಂದೊಂದು ಡಿಸ್ಕ್ ಮತ್ತು ಅದನ್ನು ನೋಡಿಕೊಳ್ಳುವ ಒಬ್ಬ ಸಿಬ್ಬಂದಿ ಬೇಕು ಅಂತ ಅರ್ಜಿ ಬರೆಯಲು ಒಂದು ಪುಟ ಸಾಕು. ವಿದ್ಯಾರ್ಥಿ ಸಂಘಟನೆಗಳ ಬೇಡಿಕೆ ಪಟ್ಟಿಯಲ್ಲಿ ಹಾಸ್ಟೆಲ್, ಬಸ್ ಪಾಸ್ ಪಕ್ಕ ಇದಕ್ಕೂ ಜಾಗ ಇದೆ.