ಪಾಟೀಸವಾಲು ಹಾಕದಿದ್ದರೆ ಅಂಕವಿಲ್ಲ

ಎದುರಾಳಿಗೆ ಒಂದಾದರೂ ಪ್ರಶ್ನೆ ಹಾಕಲೇಬೇಕು. ಹಾಕದಿದ್ದರೆ, ತನ್ನ ಪಾಲಿನ ಉತ್ತರಗಳನ್ನು ಎಷ್ಟೇ ಚೆಂದವಾಗಿ ಬರೆದಿದ್ದರೂ ಅಭ್ಯರ್ಥಿಗೆ ಪೂರ್ಣ ಅಂಕ ಇಲ್ಲ. ‘ಮಾಡೆಲ್ ಯುಎಸ್ ಗವ್’ ಎಂಬ ಆನ್‌ಲೈನ್ ರಾಜಕೀಯ ಆಟದಲ್ಲಿ, ಗವರ್ನರ್ ಹುದ್ದೆಗೆ ನಿಂತವರ ಚರ್ಚೆಗೆ ಇದ್ದ ನಿಯಮ ಇದು. ಕಡ್ಡಾಯ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕು, ಎದುರಾಳಿಗೆ ಒಂದು ಪಾಟೀಸವಾಲು ಹಾಕಬೇಕು, ಉಳಿದವರು ಕೇಳಿದ್ದರಲ್ಲಿ ಒಂದಕ್ಕಾದರೂ ಸಾವಧಾನವಾಗಿ ಜವಾಬು ಬರೆಯಬೇಕು. ಇಷ್ಟಾದರೆ ಹಾಜರಿ ಬಿದ್ದಂತೆ. ಅದಕ್ಕಿಂತ ಮುಂದೆ ಹೋದವರಿಗೆ ಹೆಚ್ಚಿನ ಅಂಕ. ನಾಲ್ವರು ಒಟ್ಟಿಗೆ ಅರಚುವುದನ್ನೇ ಚರ್ಚೆ ಎಂದುಕೊಂಡು ಟಿ.ವಿ. ಮುಂದೆ ರಾತ್ರಿ ಊಟ ಮುಗಿಸುವ ನಮಗೆ ಈ ನಿಯಮ ವಿಚಿತ್ರವಾಗಿ ಕಂಡೀತು.

2014ರಲ್ಲಿ ಬ್ರಿಟನ್ನಿನ ಕೆಳಮನೆಯನ್ನು ಅನುಕರಿಸುವ ‘ಮಾಡೆಲ್ ಹೌಸ್ ಆಫ್ ಕಾಮನ್ಸ್’ ರೆಡ್ಡಿಟ್ ತಾಣದಲ್ಲಿ ಶುರುವಾಯಿತು. ಅದರ ಬೆನ್ನಿಗೇ ಅದೇ ವರ್ಷ ಅಮೆರಿಕದ ಅಣಕು ಸರ್ಕಾರವಾದ ಈ ಆಟವೂ ಹುಟ್ಟಿತು. ಇದರಲ್ಲಿ ಚಿತ್ರವಿಲ್ಲ, ಸದ್ದಿಲ್ಲ, ಗುಂಡು ಹಾರಿಸುವುದಿಲ್ಲ. ಎಲ್ಲವೂ ಬರವಣಿಗೆ. ಆಟಗಾರರು ಯಾವುದಾದರೊಂದು ಪಕ್ಷ ಸೇರಿ ಮಸೂದೆ ಬರೆಯುತ್ತಿದ್ದರು, ತಿದ್ದುಪಡಿ ತರುತ್ತಿದ್ದರು, ಕಾನೂನು ಸಂವಿಧಾನಕ್ಕೆ ವಿರುದ್ಧ ಎನಿಸಿದರೆ ಆಟದ್ದೇ ಆದ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡುತ್ತಿದ್ದರು. ಡೆಮಾಕ್ರಟರು, ರಿಪಬ್ಲಿಕನ್ನರಷ್ಟೇ ಅಲ್ಲದೆ ಸೋಷಲಿಸ್ಟರೂ ಇದ್ದರು. ನಿಜದ ಅಮೆರಿಕದ ಚುನಾವಣೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ, ಆಸ್ತಿ ಆದಷ್ಟು ಹೆಚ್ಚು ಜನರಲ್ಲಿ ಹಂಚಿರಬೇಕೆನ್ನುವ ಡಿಸ್ಟ್ರಿಬ್ಯೂಟಿಸ್ಟರೂ ಒಂದು ಕಾಲಕ್ಕೆ ಇಲ್ಲಿ ದನಿಯುಳ್ಳ ಪಕ್ಷವಾಗಿದ್ದರು. ಸಣ್ಣ ಊರಿನಲ್ಲಿ ಪಕ್ಷೇತರನಿಗೆ ಬೆಲೆ ಬರುವುದು ಹೀಗೆಯೇ.

ಐವತ್ತು ರಾಜ್ಯಗಳನ್ನು ತುಂಬುವಷ್ಟು ಆಟಗಾರರು ಎಲ್ಲಿಂದ ಬರಬೇಕು? ಆದ್ದರಿಂದ ನೆರೆಹೊರೆಯ ರಾಜ್ಯಗಳನ್ನು ಕೂಡಿಸಿ ಬೆರಳೆಣಿಕೆಯ ದೊಡ್ಡ ರಾಜ್ಯಗಳನ್ನು ಮಾಡಿಕೊಂಡಿದ್ದರು. ದಕ್ಷಿಣದ್ದು ಡಿಕ್ಸಿ, ಪಶ್ಚಿಮದ್ದು ಸಿಯೆರಾ, ವರ್ಜೀನಿಯದ ಆಸುಪಾಸಿನದು ಚೆಸಪೀಕ್, ಇಲಿನಾಯ್ ಕಡೆಯದು ಲಿಂಕನ್. ಪ್ರತಿಯೊಂದಕ್ಕೂ ಪುಟ್ಟ ಶಾಸನಸಭೆ, ಒಬ್ಬ ಗವರ್ನರ್. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರ ಹಾಗೆ ದಿಲ್ಲಿಯಿಂದ ನೇಮಕಗೊಂಡು ಬರುವವರಲ್ಲ. ಜನರ ನೇರ ಮತದಿಂದ ಗೆದ್ದು ಸರ್ಕಾರ ನಡೆಸುವವರು. ಕೆಲಸದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ, ಆದರೆ ಸದನದ ಬಹುಮತದ ಹಂಗಿಲ್ಲ.

ಚರ್ಚೆ ನಡೆಯುತ್ತಿದ್ದ ರೀತಿ ನೋಡಿ. ಚುನಾವಣೆಯ ಉಸ್ತುವಾರಿಗಳು ಅಭ್ಯರ್ಥಿಗಳ ಹೆಸರಿನೊಂದಿಗೆ ಒಂದು ಪ್ರಶ್ನೆಪಟ್ಟಿ ಹೊರಡಿಸುತ್ತಾರೆ. ಮೊದಲನೆಯದು ಬಹುತೇಕ ಯಾವಾಗಲೂ ಒಂದೇ: ನೀವು ಯಾರು, ಗೆದ್ದರೆ ಸಾಧಿಸಬೇಕೆಂದಿರುವ ಮೂರು ಮುಖ್ಯ ಕೆಲಸಗಳು ಯಾವುವು? ಮೂರೇ, ನೂರಲ್ಲ, ಪ್ರಣಾಳಿಕೆಯ ಪುಸ್ತಕ ಓದಿ ಹೇಳುವಂತಿಲ್ಲ. ಮುಂದಿನ ಪ್ರಶ್ನೆಗಳು ಆ ರಾಜ್ಯದ ಸದನದಲ್ಲಿ ಆಗಷ್ಟೇ ಬಂದ ಮಸೂದೆಯ ಸುತ್ತ, ಹಾಲಿ ಗವರ್ನರ್ ಸಹಿ ಹಾಕಿದ ಇಲ್ಲವೇ ತಿರಸ್ಕರಿಸಿದ ಕಾನೂನಿನ ಸುತ್ತ ಇರುತ್ತವೆ. ಇನ್ನೊಂದು ಪ್ರಶ್ನೆ ರಾಜ್ಯಕ್ಕೂ ವಾಷಿಂಗ್ಟನ್ನಿಗೂ ನಡುವಿನ ತಕರಾರಿನದು. ಉತ್ತರಕ್ಕೆ ನಿಮಿಷಗಳ ಲೆಕ್ಕವಿಲ್ಲ, ದಿನಗಳ ಗಡುವು. ಆ ಗಡುವಿನೊಳಗೆ ಅಭ್ಯರ್ಥಿಗಳು ಪರಸ್ಪರ ಕೆಣಕುತ್ತಾರೆ, ಮೂರನೆಯವರೂ ನಡುವೆ ಬಂದು ಕೇಳುತ್ತಾರೆ.

ಸ್ವಾರಸ್ಯವೆಲ್ಲ ಆ ಕೆಣಕುವಿಕೆಯಲ್ಲಿದೆ. ಉದಾಹರಣೆಗೆ ಹೀಗೆ ಊಹಿಸಿಕೊಳ್ಳಿ. ಒಬ್ಬ ಅಭ್ಯರ್ಥಿ ಶಿಕ್ಷಕರ ಸಂಬಳ ಹೆಚ್ಚಿಸುತ್ತೇನೆ, ಮಾರಾಟ ತೆರಿಗೆ ಇಳಿಸುತ್ತೇನೆ ಎಂದು ಬರೆಯುತ್ತಾನೆ. ಎದುರಾಳಿ ಒಂದೇ ಸಾಲು ಕೇಳುತ್ತಾಳೆ: ದುಡ್ಡು ಎಲ್ಲಿಂದ ತರುತ್ತೀರಿ? ಅಮೆರಿಕದ ಹೆಚ್ಚುಕಡಿಮೆ ಎಲ್ಲ ರಾಜ್ಯಗಳೂ ಆಯ ಮತ್ತು ವ್ಯಯವನ್ನು ಸರಿದೂಗಿಸಲೇಬೇಕೆಂಬ ಕಟ್ಟಳೆಗೆ ಒಳಪಟ್ಟಿವೆ. ಕೇಂದ್ರ ಸರ್ಕಾರದಂತೆ ಸಾಲದ ಮೇಲೆ ಸಾಲ ಎತ್ತಿ ನಡೆಸುವಂತಿಲ್ಲ. ಹಾಗಾಗಿ ಆತ ಕೇಂದ್ರದ ಅನುದಾನ ತರುತ್ತೇನೆ ಎನ್ನುತ್ತಾನೆ. ಆ ಅನುದಾನ ಯಾವ ಬಾಬ್ತಿನದು, ಅದನ್ನು ಸಂಬಳಕ್ಕೆ ಬಳಸಬಹುದೇ ಎಂದು ಆಕೆ ಮತ್ತೆ ಕೇಳುತ್ತಾಳೆ. ಈಗ ಅವನ ಮುಂದಿರುವುದು ಎರಡೇ ದಾರಿ: ಲೆಕ್ಕ ಕೊಡಬೇಕು, ಇಲ್ಲವೇ ಸುಮ್ಮನಾಗಬೇಕು. ಸುಮ್ಮನಾದರೆ ಆ ಮೌನವೂ ಎಲ್ಲರ ಕಣ್ಣಿಗೆ ಬೀಳುವಂತೆ ಅಲ್ಲೇ ಉಳಿಯುತ್ತದೆ. ನಿರೂಪಕರು ‘ವಿರಾಮದ ನಂತರ’ ಎಂದು ಪಾರುಮಾಡುವುದಿಲ್ಲ, ಬೆಂಬಲಿಗರು ಚಪ್ಪಾಳೆ ತಟ್ಟಿ ಮುಚ್ಚಿಹಾಕುವುದೂ ಇಲ್ಲ.

ನಮ್ಮಲ್ಲಿ ಇದಕ್ಕೆ ಹೋಲುವುದು ಏನಾದರೂ ಇದ್ದರೆ ಅದು ತಾಳಮದ್ದಳೆ. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಮಾತಿನಿಂದ ಪಾತ್ರ ಕಟ್ಟಬೇಕು. ವಾಲಿಯ ಅರ್ಥ ಹೇಳುವವರು ಮನೆಯಲ್ಲಿ ರಾಮಭಕ್ತರೇ ಇದ್ದಾರು, ಆದರೆ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ರಾಮನನ್ನು ಕೇಳುವಾಗ ಒಂದಿಷ್ಟೂ ರಿಯಾಯಿತಿ ತೋರಿಸುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರಿಗೆ ಈ ಮಾತಿನ ರುಚಿ ಗೊತ್ತು. ಈ ಆಟದಲ್ಲೂ ಹಾಗೆಯೇ: ಎಡಪಂಥದ ವಿದ್ಯಾರ್ಥಿ ರಿಪಬ್ಲಿಕನ್ ಟೋಪಿ ಹಾಕಿಕೊಂಡು ಬಂದೂಕಿನ ಹಕ್ಕನ್ನು ಸಮರ್ಥಿಸಬಹುದು. ಬೇರೆಯವರ ನಿಲುವಿಗೆ ಒಳಗಿನಿಂದ ವಾದ ಹುಡುಕುವ ಕಸುಬು ಎರಡಕ್ಕೂ ಸಮಾನ. ವ್ಯತ್ಯಾಸವೆಂದರೆ ತಾಳಮದ್ದಳೆಯಲ್ಲಿ ವಾಲಿ ಎಷ್ಟೇ ಗೆದ್ದರೂ ಪ್ರಸಂಗದ ಪ್ರಕಾರ ಸಾಯಲೇಬೇಕು. ಇಲ್ಲಿ ಕೊನೆ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ.

ಗೆಲುವು ಹೇಗೆ ತೀರ್ಮಾನವಾಗುತ್ತಿತ್ತು? ಆರಂಭದಲ್ಲಿ ಆಟಗಾರರೇ ಮತ ಹಾಕುತ್ತಿದ್ದರು. ಅದರ ತೊಂದರೆ ಹೇಳಬೇಕಾಗಿಲ್ಲ: ವಾದ ಬಾರದಿದ್ದರೂ ಗೆಳೆಯರ ದಂಡು ಇದ್ದವನು ಗೆದ್ದುಬಿಡುತ್ತಾನೆ. ಆಮೇಲೆ ಉಸ್ತುವಾರಿಗಳು ಅಂಕದ ಪದ್ಧತಿ ತಂದರು. ಪ್ರಚಾರದ ಭಾಷಣ, ಚರ್ಚೆಯ ಉತ್ತರ ಎಲ್ಲಕ್ಕೂ ಮೌಲ್ಯಮಾಪನ. ಆ ಅಂಕಗಳನ್ನು ಲೆಕ್ಕಕ್ಕೆ ಹಾಕಿ ಕಾಲ್ಪನಿಕ ಮತದಾರರ ಮತ ತೆಗೆಯುವುದು. ಪ್ರಜಾಪ್ರಭುತ್ವದ ಆಟದಲ್ಲಿ ಜನರೇ ಇಲ್ಲದಂತಾಯಿತಲ್ಲ ಎಂದು ಮೂಗು ಮುರಿಯುವವರು ಆಗಲೂ ಇದ್ದರು.

ಅಂಥವರು 1858ರ ಇಲಿನಾಯ್ ಕಡೆಗೊಮ್ಮೆ ನೋಡಬೇಕು. ಅಬ್ರಹಾಂ ಲಿಂಕನ್ ಮತ್ತು ಸ್ಟೀಫನ್ ಡಗ್ಲಸ್ ಸೆನೆಟ್ ಸ್ಥಾನಕ್ಕಾಗಿ ಏಳು ಊರುಗಳಲ್ಲಿ ಮುಖಾಮುಖಿಯಾದರು. ಮೊದಲು ಮಾತಾಡುವವರಿಗೆ ಒಂದು ಗಂಟೆ, ಎದುರಾಳಿಗೆ ಒಂದೂವರೆ ಗಂಟೆ, ಮತ್ತೆ ಮೊದಲಿನವರಿಗೆ ಅರ್ಧ ಗಂಟೆ. ಗುಲಾಮಗಿರಿಯ ಕುರಿತ ವಾದ ಕೇಳಲು ಸಾವಿರಾರು ಜನ ಸೇರುತ್ತಿದ್ದರು. ಆದರೆ ಕೇಳಿದವರಲ್ಲಿ ಒಬ್ಬರಿಗೂ ಇಬ್ಬರಲ್ಲಿ ಯಾರಿಗಾದರೂ ನೇರವಾಗಿ ಮತ ಹಾಕುವ ಅವಕಾಶ ಇರಲಿಲ್ಲ. ಸೆನೆಟರರನ್ನು ಆಗ ರಾಜ್ಯದ ಶಾಸಕರು ಆರಿಸುತ್ತಿದ್ದರು. ಆ ಪದ್ಧತಿ ಬದಲಾದದ್ದು 1913ರಲ್ಲಿ. ಡಗ್ಲಸ್ ಗೆದ್ದರು. ಲಿಂಕನ್ ಆ ವಾದಗಳ ಪತ್ರಿಕಾ ವರದಿಗಳನ್ನು ಒಟ್ಟುಗೂಡಿಸಿ ಪುಸ್ತಕವಾಗಿಸಿದರು. ಅದು 1860ರಲ್ಲಿ ಹೊರಬಂತು, ಅದೇ ವರ್ಷ ಅವರು ಅಧ್ಯಕ್ಷ ಚುನಾವಣೆಯನ್ನೂ ಗೆದ್ದರು. ಬರಹಕ್ಕಿಳಿದ ಚರ್ಚೆಯ ಆಯುಷ್ಯ ದೊಡ್ಡದು.

ಬರೆದು ವಾದಿಸುವುದರಲ್ಲಿ ಇನ್ನೊಂದು ಅನುಕೂಲವಿದೆ. 2011ರ ನವೆಂಬರಿನಲ್ಲಿ ಟೆಕ್ಸಸ್‌ನ ಆಗಿನ ಗವರ್ನರ್ ರಿಕ್ ಪೆರಿ, ಅಧ್ಯಕ್ಷ ಸ್ಥಾನದ ಉಮೇದುವಾರರ ಚರ್ಚೆಯಲ್ಲಿ, ತಾನು ಗೆದ್ದರೆ ಮೂರು ಕೇಂದ್ರ ಇಲಾಖೆಗಳನ್ನು ಮುಚ್ಚುವುದಾಗಿ ಹೇಳಿದರು. ಎರಡರ ಹೆಸರು ಬಂತು, ಮೂರನೆಯದು ನೆನಪಾಗಲೇ ಇಲ್ಲ. ಅವರ ಉಮೇದುವಾರಿಕೆ ಅಲ್ಲಿಂದ ಚೇತರಿಸಿಕೊಳ್ಳಲಿಲ್ಲ. ಮರೆತದ್ದು ಇಂಧನ ಇಲಾಖೆಯನ್ನು; 2017ರಲ್ಲಿ ಅದೇ ಇಲಾಖೆಗೆ ಅವರು ಮುಖ್ಯಸ್ಥರಾದರು! ನೆನಪಿನ ಶಕ್ತಿಯನ್ನು ಆಡಳಿತದ ಯೋಗ್ಯತೆ ಎಂದು ತಿಳಿಯುವ ತಪ್ಪಿಗೆ ಲಿಖಿತ ಚರ್ಚೆಯಲ್ಲಿ ಜಾಗವಿಲ್ಲ.

ಗವರ್ನರ್ ಚರ್ಚೆಗಳು ಅಧ್ಯಕ್ಷೀಯ ಚರ್ಚೆಗಳಿಗಿಂತ ನನಗೆ ಹೆಚ್ಚು ಹಿಡಿಸುವುದಕ್ಕೂ ಕಾರಣವಿದೆ. ಅಧ್ಯಕ್ಷ ಪದವಿಯ ಅಭ್ಯರ್ಥಿ ಚೀನಾ, ರಷ್ಯಾ ಎಂದು ಆಕಾಶ ನೋಡಿ ಮಾತಾಡಬಹುದು. ಗವರ್ನರ್ ಆಗುವವರು ರಸ್ತೆ, ಶಾಲೆ, ಜೈಲು, ನೀರು, ಪ್ರವಾಹ ಇವುಗಳ ಬಗ್ಗೆ ಮಾತಾಡಬೇಕು. ತನ್ನ ಅಧಿಕಾರ ಎಲ್ಲಿಗೆ ಮುಗಿಯುತ್ತದೆಂಬುದೂ ಗೊತ್ತಿರಬೇಕು. ವಲಸೆ ನೀತಿ ಬದಲಿಸುತ್ತೇನೆ ಎಂದು ಬರೆದ ಅಭ್ಯರ್ಥಿಗೆ, ಅದು ಕೇಂದ್ರದ ವಿಷಯ ಸ್ವಾಮಿ ಎಂದು ಯಾರಾದರೂ ನೆನಪಿಸುತ್ತಾರೆ. ಕನಿಷ್ಠ ವೇತನ ಬೇರೆ ಮಾತು: ಕೇಂದ್ರದ ದರ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ, ಅದಕ್ಕಿಂತ ಹೆಚ್ಚು ಕೊಡಿಸಲು ರಾಜ್ಯಕ್ಕೆ ಅಡ್ಡಿಯಿಲ್ಲ. ಬಹುತೇಕ ರಾಜ್ಯಗಳ ಗವರ್ನರ್ ಇಡೀ ಮುಂಗಡಪತ್ರವನ್ನು ತಿರಸ್ಕರಿಸದೆ, ಅದರೊಳಗಿನ ಒಂದೊಂದೇ ಬಾಬ್ತನ್ನು ಹೊಡೆದುಹಾಕಬಹುದು. ಕ್ಷಮಾದಾನದ ಅಧಿಕಾರವಂತೂ ಜೀವ ಉಳಿಸುವಂಥದ್ದು. 2003ರ ಜನವರಿಯಲ್ಲಿ, ಅಧಿಕಾರ ಬಿಡುವ ಹೊತ್ತಿಗೆ, ಇಲಿನಾಯ್ ಗವರ್ನರ್ ಜಾರ್ಜ್ ರಯನ್ 160ಕ್ಕೂ ಹೆಚ್ಚು ಕೈದಿಗಳ ಮರಣದಂಡನೆಯನ್ನು ಕಡಿಮೆ ಶಿಕ್ಷೆಗೆ ಇಳಿಸಿದರು. ಕ್ಯಾಲಿಫೋರ್ನಿಯದ ಗ್ಯಾವಿನ್ ನ್ಯೂಸಮ್ 2019ರಲ್ಲಿ ಒಂದು ಆದೇಶದಿಂದ ಅಲ್ಲಿನ ಮರಣದಂಡನೆಗಳಿಗೆಲ್ಲ ತಡೆ ಹಾಕಿದರು. ಆಟದ ಚರ್ಚೆಯಲ್ಲಿ ಮರಣದಂಡನೆಯ ಬಗ್ಗೆ ಕೇಳಿದಾಗ ಇದನ್ನೆಲ್ಲ ಓದಿಕೊಂಡು ಬರಬೇಕಾಗುತ್ತಿತ್ತು. ಓದಿಲ್ಲದವರು ಎರಡನೇ ಪಾಟೀಸವಾಲಿಗೇ ಸಿಕ್ಕಿಬೀಳುತ್ತಿದ್ದರು.

ಹಾಗೆಂದು ಇದನ್ನು ಅಟ್ಟಕ್ಕೇರಿಸಬೇಕಿಲ್ಲ. ಅಂಕ ಕೊಡುವವರು ಇದ್ದಾರೆಂದಾಗ ಉತ್ತರ ಉದ್ದವಾಗುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಹಾಳೆ ಕೇಳುವ ಹುಡುಗನ ರೋಗ ಇಲ್ಲಿಯೂ ಇದೆ. ಹೊತ್ತು ಇರುವವರಿಗೆ ಮೇಲುಗೈ. ಕೆಲಸಕ್ಕೆ ಹೋಗುವವರು, ಮಕ್ಕಳಿರುವವರು ರಜೆಯಲ್ಲಿರುವ ಕಾಲೇಜು ವಿದ್ಯಾರ್ಥಿಯ ಮುಂದೆ ಸೋಲುತ್ತಾರೆ. ಉತ್ತರ ಅಭ್ಯರ್ಥಿಯದೋ, ಅವರ ಪಕ್ಷದಲ್ಲಿ ಚೆನ್ನಾಗಿ ಬರೆಯುವ ಇನ್ಯಾರದ್ದೋ ಎಂಬ ಅನುಮಾನ ಮೊದಲಿನಿಂದಲೂ ಇದ್ದದ್ದೇ. ಯಂತ್ರವೇ ಬರೆದುಕೊಡುವ ಈ ದಿನಗಳಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯೇ. ಇಲ್ಲಿ ಮುಚ್ಚಿದ ಶಾಲೆಯಿಂದ ಯಾವ ಮಗುವೂ ಹೊರಬೀಳುವುದಿಲ್ಲ, ತೆರಿಗೆ ಏರಿದರೆ ಯಾವ ಅಂಗಡಿಯವರೂ ಬಾಗಿಲು ಬಡಿಯುವುದಿಲ್ಲ. ಹಣ, ಹೆಂಡ, ಜಾತಿ ಇಲ್ಲದ ಚುನಾವಣೆ ಕೇಳಲು ಹಿತ. ಆದರೆ ಅದೇ ಕಾರಣಕ್ಕೆ ಅದು ನಿಜದ ಚುನಾವಣೆಯ ಅರ್ಧ ಪಾಠವನ್ನಷ್ಟೇ ಕಲಿಸುತ್ತದೆ.

ಗೆದ್ದ ಮೇಲಿನ ಕಥೆಯೂ ಇದೆ. ಚರ್ಚೆಯಲ್ಲಿ ಹುರುಪು, ಕುರ್ಚಿಯಲ್ಲಿ ಬೇಸರ. ಮಸೂದೆ ಓದಬೇಕು, ಸಹಿ ಹಾಕಬೇಕು, ಸಂಪುಟ ಕಟ್ಟಬೇಕು, ಆದೇಶ ಬರೆಯಬೇಕು. ಈ ಬಗೆಯ ಆಟಗಳಲ್ಲಿ ಸರ್ಕಾರ ಬೀಳುವುದು ಅವಿಶ್ವಾಸಕ್ಕಿಂತ ಹೆಚ್ಚಾಗಿ ಗೈರುಹಾಜರಿಯಿಂದ. ಪರೀಕ್ಷೆ ಬಂತೆಂದು ಗವರ್ನರ್ ಕಾಣೆಯಾಗುತ್ತಾರೆ, ಲೆಫ್ಟಿನೆಂಟ್ ಗವರ್ನರ್ ಅಧಿಕಾರ ವಹಿಸಿಕೊಳ್ಳುತ್ತಾರೆ.

ಇದೇ ಕುಲದ ಆಟಗಳು ಇನ್ನೂ ಇವೆ. ಆಸ್ಟ್ರೇಲಿಯದ ಕಾದಂಬರಿಕಾರ ಮ್ಯಾಕ್ಸ್ ಬ್ಯಾರಿ ತಮ್ಮ ಪುಸ್ತಕದ ಪ್ರಚಾರಕ್ಕೆಂದು 2002ರಲ್ಲಿ ಮಾಡಿದ ‘ನೇಷನ್‌ಸ್ಟೇಟ್ಸ್’ ಎಂಬ ಆಟ ಆ ಪುಸ್ತಕಕ್ಕಿಂತ ಹೆಚ್ಚು ಹೆಸರು ಮಾಡಿತು. ಮುಖಾಮುಖಿ ಕುಳಿತು ಆಡುವ ರೂಪ ಇನ್ನೂ ಹಳೆಯದು. ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘ 1935ರಲ್ಲಿ ಇಲಿನಾಯ್‌ನಲ್ಲಿ ಶುರುಮಾಡಿದ ‘ಬಾಯ್ಸ್ ಸ್ಟೇಟ್’ ಶಿಬಿರದಲ್ಲಿ ಹೈಸ್ಕೂಲು ಹುಡುಗರು ಕಾಲ್ಪನಿಕ ಪಕ್ಷಗಳಾಗಿ ಒಡೆದು, ಒಂದು ವಾರದೊಳಗೆ ಗವರ್ನರ್‌ರನ್ನು ಆರಿಸುತ್ತಾರೆ. ಬಿಲ್ ಕ್ಲಿಂಟನ್ 1963ರಲ್ಲಿ ಆ ಹಾದಿಯಲ್ಲೇ ವೈಟ್‌ಹೌಸಿಗೆ ಹೋಗಿ ಕೆನಡಿಯ ಕೈ ಕುಲುಕಿದ್ದು. ಟೆಕ್ಸಸ್ ಶಿಬಿರದ ಕುರಿತು ಬಂದ ‘ಬಾಯ್ಸ್ ಸ್ಟೇಟ್’ ಸಾಕ್ಷ್ಯಚಿತ್ರಕ್ಕೆ 2020ರ ಸನ್‌ಡಾನ್ಸ್ ಉತ್ಸವದಲ್ಲಿ ದೊಡ್ಡ ಪ್ರಶಸ್ತಿ ಬಂತು. ನೋಡಿ; ಹದಿನೇಳರ ಹುಡುಗರು ಎಷ್ಟು ಬೇಗ ಪಳಗಿದ ರಾಜಕಾರಣಿಗಳಾಗುತ್ತಾರೆಂದು ಕಂಡು ನಗುವೂ ಬರುತ್ತದೆ, ಸಣ್ಣ ಭಯವೂ ಆಗುತ್ತದೆ.

ನಮ್ಮ ಶಾಲೆಗಳಲ್ಲೂ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ಮಳೆಗಾಲ ಶುರುವಾಗುವ ಹೊತ್ತಿಗೆ ಮಕ್ಕಳು ನಾಮಪತ್ರ ಸಲ್ಲಿಸುತ್ತಾರೆ, ಚಿಹ್ನೆ ಪಡೆಯುತ್ತಾರೆ, ಮೊಬೈಲಿನಲ್ಲಿ ಮತಯಂತ್ರ ಮಾಡಿಕೊಂಡು ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮತ ಹಾಕುತ್ತಾರೆ. ಮತದಾನದ ವಿಧಿಗಳನ್ನೆಲ್ಲ ಇಷ್ಟು ಅಚ್ಚುಕಟ್ಟಾಗಿ ಕಲಿಸುವ ಮೇಷ್ಟ್ರುಗಳು, ಟೀಚರುಗಳು ಇನ್ನೊಂದು ದಿನವನ್ನು ಕೂಡಿಸಿಕೊಂಡರೆ ಸಾಕು. ಶಾಲಾ ಮುಖ್ಯಮಂತ್ರಿ ಸ್ಥಾನಕ್ಕೆ ನಿಂತ ಮಕ್ಕಳಿಂದ ಮೂರೇ ಮೂರು ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಸಿ ಗೋಡೆಗೆ ಅಂಟಿಸಿ. ಅದರ ಕೆಳಗೆ ಎದುರಾಳಿಯ ಒಂದು ಪ್ರಶ್ನೆ ಬರಲಿ, ಅದಕ್ಕೆ ಉತ್ತರವೂ ಬರಲಿ. ಮತದಾನ ಅದಾದ ಮೇಲೆ ಇಟ್ಟುಕೊಳ್ಳಿ.