ಮೂರು ಕ್ರಿಸ್‌ಮಸ್‌ಗಳ ಕವಿತೆ

ಮನೆಯವರೊಬ್ಬರು ಅಗಲಿದ ವರ್ಷ ಗೋದಲಿ ಕಟ್ಟಬೇಕೇ, ಬೇಡವೇ? ನವೆಂಬರ್ 2ರಂದು ಸಮಾಧಿಯ ಬಳಿ ಮೇಣದಬತ್ತಿ ಹಚ್ಚಿ ಮರಳಿದ ಅನೇಕ ಕುಟುಂಬಗಳನ್ನು ಈ ಪ್ರಶ್ನೆ ಕಾಡುತ್ತದೆ. ನಮ್ಮನ್ನೂ ಒಮ್ಮೆ ಕಾಡಿತ್ತು.

ಆಗ ನಾವು ಓದಿದ್ದು ಆಂಗ್ಲಕವಿ ಟೆನಿಸನ್‌ನನ್ನು. ಆತನ ಆಪ್ತಮಿತ್ರ ಆರ್ಥರ್ ಹ್ಯಾಲಮ್ 1833ರ ಸೆಪ್ಟೆಂಬರಿನಲ್ಲಿ ವಿಯೆನ್ನಾದಲ್ಲಿ ಹಠಾತ್ತನೆ ತೀರಿಕೊಂಡ. ವಯಸ್ಸು ಕೇವಲ 22. ಕವಿಯ ತಂಗಿ ಎಮಿಲಿಯೊಡನೆ ಅವನ ವಿವಾಹ ನಿಶ್ಚಯವಾಗಿದ್ದುದರಿಂದ ದುಃಖ ಇಡೀ ಮನೆಯದಾಯಿತು. ಅದೇ ವರ್ಷ ಟೆನಿಸನ್ ನಾಲ್ಕು ಸಾಲಿನ ಪದ್ಯಗಳಲ್ಲಿ ತನ್ನ ಶೋಕವನ್ನು ಬರೆಯತೊಡಗಿದ. ಗ್ರಂಥವಾಗಿಸುವ ಉದ್ದೇಶ ಮೊದಲಿಗಿರಲಿಲ್ಲ; ಬರೆದಿಟ್ಟದ್ದು ಉದ್ದನೆಯದೊಂದು ಲೆಕ್ಕದ ಪುಸ್ತಕದಲ್ಲಿ. ‘ಇನ್ ಮೆಮೋರಿಯಮ್’ ಎಂಬ ಹೆಸರಿನಲ್ಲಿ ಅದು ಪ್ರಕಟವಾದದ್ದು 1850ರಲ್ಲಿ. ನಡುವೆ 17 ವರ್ಷ!

ಅದರೊಳಗೆ ಮೂರು ಕ್ರಿಸ್‌ಮಸ್‌ಗಳು ಬರುತ್ತವೆ. ಮೊದಲ ಸಲ ಮನೆಯವರು ಮನಸ್ಸಿಲ್ಲದೆಯೇ ಮನೆಯನ್ನು ಸಿಂಗರಿಸುತ್ತಾರೆ. ಮೂರನೆಯ ಹಬ್ಬ ಹೊಸ ಊರಿನಲ್ಲಿ, ಪರಿಚಯವಿಲ್ಲದ ಗಂಟೆಗಳ ನಡುವೆ. ನಮ್ಮ ಮನ ಕಲಕಿದ್ದು ಎರಡನೆಯದು. ಅಲ್ಲಿ ಆಟಪಾಟಗಳಿವೆ, ಕಣ್ಣೀರಿಲ್ಲ. ಕಣ್ಣೀರಿಲ್ಲವೆಂಬುದೇ ಕವಿಯ ಅಳುಕು. ಅಳು ಕಡಿಮೆಯಾದೊಡನೆ ಅಗಲಿದವರಿಗೆ ದ್ರೋಹ ಬಗೆದೆವೇನೋ ಎಂಬ ಅಂಜಿಕೆಯನ್ನು ಪಾಪನಿವೇದನೆಯಲ್ಲಿ ಹೇಳಿಕೊಳ್ಳಲೂ ಸಂಕೋಚ, ಕಾಗದಕ್ಕೆ ಹೇಳಬಹುದು.

ಅಂದಿನಿಂದ ಶನಿವಾರ ಸಂಜೆ ಜಪಸರದ ಬಳಿಕ ನಾವೂ ಹಳೆಯದೊಂದು ಲೆಕ್ಕದ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯುತ್ತೇವೆ. ಪ್ರಾಸ ಬಹುಪಾಲು ಕೂಡುವುದಿಲ್ಲ. ಕೆಲವು ವಾರ ಹೆಸರೊಂದನ್ನೇ ಬರೆದು ಮುಚ್ಚಿಟ್ಟದ್ದುಂಟು.

ಗೋದಲಿಯನ್ನು ಆ ವರ್ಷ ಕಟ್ಟಿದೆವು, ಚಿಕ್ಕದಾಗಿ.